ಬದನೆಕಾಯಿಗೆ ಮಾನಸಿಕ ಸಿದ್ಧತೆ

“ಆ ಗಜ್ಜರಿಯನ್ನು ನನ್ನ ಕಡೆ ಸರಿಸಬೇಡಿ ಮಾಸ್ತರರೇ, ನಾನಿನ್ನೂ ಎರಡನೆಯ ಹಂತದಲ್ಲಿದ್ದೇನೆ” ಎಂದು ಶರಣಪ್ಪ ಮಿರ್ಚಿ ಭಜಿಯ ತಟ್ಟೆಯನ್ನು ತನ್ನತ್ತ ಎಳೆದುಕೊಂಡ.

ಕಲಬುರಗಿಯ ಅಪ್ಪನ ಕೆರೆಯ ಸುತ್ತ ನಡೆದು ಕರಗಿಸಿದ್ದನ್ನೆಲ್ಲ ಮರಳಿ ತುಂಬಿಕೊಳ್ಳುವ ಹೊತ್ತು ಅದು.

“ಯಾವುದರ ಹಂತವೋ?” ಎಂದ ರೇವಣ್ಣ.

“ಹಣ್ಣು ತರಕಾರಿ ಹೆಚ್ಚು ತಿನ್ನಲು ಮನಸ್ಸು ಸಿದ್ಧವಾಗುವ ಹಂತ. ಮಗಳು ಬೆಂಗಳೂರಿನಿಂದ ಮೊಬೈಲಿಗೆ ಪ್ರಶ್ನಾವಳಿ ಕಳಿಸಿದ್ದಾಳೆ. ತಿನ್ನುವ ವಿಚಾರವೇ ಇಲ್ಲದಿದ್ದರೆ ಮೊದಲ ಹಂತ. ಆರು ತಿಂಗಳೊಳಗೆ ತಿನ್ನೋಣ ಎನಿಸಿದರೆ ಚಿಂತನೆ, ಒಂದು ತಿಂಗಳೊಳಗೆ ಎಂದರೆ ಸಿದ್ಧತೆ. ಆಮೇಲೆ ಕ್ರಿಯೆ.”

“ಆರು ತಿಂಗಳಲ್ಲಿ ತೊಗರಿ ಬಿತ್ತಿ ರಾಶಿ ಮಾಡಿ ಮುಗಿಸುತ್ತೇವೆ. ನೀನು ಒಂದು ಗಜ್ಜರಿಯ ಚಿಂತನೆಯನ್ನೇ ಮುಗಿಸಿರುವುದಿಲ್ಲ” ಎಂದರು ಮಾಸ್ತರರು.

ಖಾಜಾ ಸಾಹೇಬರು ಅಡ್ಡ ಬಂದರು. “ಪೂರ್ತಿ ಹೀಗಳೆಯಬೇಡಿ. ಬಿಡಬೇಕು ಎಂಬುದು ನನ್ನ ತಲೆಗೇ ಬರುವವರೆಗೆ, ಮನೆಯವರು ಬೈದಷ್ಟೂ ನಾನು ಬೀಡಿ ಹೆಚ್ಚು ಸೇದುತ್ತಿದ್ದೆ.”

“ಒಪ್ಪಿದೆ ಸಾಹೇಬರೇ,” ಎಂದರು ಮಾಸ್ತರರು, “ಈ ಲೆಕ್ಕ ಬೆಳೆದದ್ದೂ ಅಲ್ಲಿಯೇ. ಪ್ರೊಚಾಸ್ಕಾ, ಡಿಕ್ಲೆಮೆಂಟೆ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ತಾವಾಗಿಯೇ ಸಿಗರೇಟು ಬಿಡುವವರನ್ನು ಅಭ್ಯಾಸ ಮಾಡಿ 1983ರಲ್ಲಿ ಬರೆದರು. ಚಟ ಬಿಡುವವನಿಗೆ ಹಂತ ಬೇಕು. ಅದನ್ನು ತಂದು ಬದನೆಕಾಯಿಗೆ ಹಚ್ಚಿದರೆ? ಎಣ್ಣೆಗಾಯಿಯ ಮುಂದೆ ಕುಳಿತು ಮನಸ್ಸು ಗಟ್ಟಿ ಮಾಡಿಕೊಂಡವನನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ.”

“ದಿನಕ್ಕೆ 400 ಗ್ರಾಂ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅಷ್ಟಕ್ಕೆ ತಯಾರಿ ಬೇಡವೇ?” ಎಂದ ಶರಣಪ್ಪ.

“ಮಿರ್ಚಿ ಭಜಿಯೊಳಗಿನ ಮೆಣಸಿನಕಾಯಿ ಅದರಲ್ಲಿ ಸೇರುತ್ತದೆಯೇ?” ರೇವಣ್ಣನ ದನಿಯಲ್ಲಿ ನಿಜವಾದ ಕಳಕಳಿಯಿತ್ತು.

“ಗೊತ್ತಿಲ್ಲ. ಆಲೂಗಡ್ಡೆಯನ್ನಂತೂ ಅವರು ಲೆಕ್ಕಕ್ಕೇ ಹಿಡಿದಿಲ್ಲ” ಎಂದರು ಮಾಸ್ತರರು. ರೇವಣ್ಣನ ಕೈಯಲ್ಲಿದ್ದ ಆಲೂ ಭಜಿ ಅರೆಗಳಿಗೆ ತಡೆದು, ನಂತರ ಒಳಗೆ ಹೋಯಿತು.

ಇದರ ನಡುವೆ ಚಹಾದ ರೊಕ್ಕದ ಮಾತು ಬಂತು. ತನ್ನ ಸರದಿ ನೆನಪಾದ ರೇವಣ್ಣ, ಆ ವಿಷಯದಲ್ಲಿ ತಾನು ಮೊದಲ ಹಂತದಲ್ಲಿರುವುದಾಗಿ ತಿಳಿಸಿದ. ಅವನು ಹಿಂದೆ ಒಯ್ದ ಸಾಲವೂ ಅದೇ ಹಂತದಲ್ಲಿದೆ ಎಂದು ಖಾಜಾ ಸಾಹೇಬರು ಸೇರಿಸಿದರು. ಶರಣಪ್ಪನ ಅಳಿಯ ಸ್ಕೂಟರ್ ಮಾರುವನೋ ಇಲ್ಲವೋ ಎಂಬಲ್ಲಿಗೂ ಮಾತು ಹೋಗಿ ಬಂತು. ಅದು ಇಲ್ಲಿ ಬೇಡ.

“ಒಂದು ಮಾತು ಹೇಳು ಶರಣಪ್ಪ,” ಎಂದರು ಮಾಸ್ತರರು, “ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತಾಗ ಭಜ್ಜಿ ಪಲ್ಯ ಎಷ್ಟು ಸಲ ಹಾಕಿಸಿಕೊಳ್ಳುತ್ತೀ?”

“ಅದು ಬೇರೆ. ಹಬ್ಬ.”

“ಮೆಂತ್ಯ, ಗಜ್ಜರಿ, ಬದನೆ, ಹಸಿ ತೊಗರಿಕಾಳು, ಅವರೆ ಎಲ್ಲವೂ ಅದರೊಳಗಿದೆ. ಸಜ್ಜೆ ರೊಟ್ಟಿಯ ಮೇಲೆ ಬಿದ್ದರೆ ನೀನು ನೇರವಾಗಿ ನಾಲ್ಕನೆಯ ಹಂತಕ್ಕೆ ಜಿಗಿಯುತ್ತೀ. ಮನಸ್ಸಿನದೇನೂ ತಕರಾರಿಲ್ಲಪ್ಪ. ಮಾಡಿ ಹಾಕುವವರು ಬೇಕು, ಜೊತೆಗೆ ಕುಳಿತು ಉಣ್ಣುವವರು ಬೇಕು. ಮಗಳು ಬೆಂಗಳೂರಿನಲ್ಲಿ, ಮಗ ಪುಣೆಯಲ್ಲಿ. ಇಬ್ಬರೇ ಇರುವ ಮನೆಯಲ್ಲಿ ಯಾರು ಸೊಪ್ಪು ಸೋಸುತ್ತಾ ಕೂಡುತ್ತಾರೆ?”

ಶರಣಪ್ಪ ಭಜಿಯನ್ನು ತಟ್ಟೆಗೆ ಮರಳಿಸಿದ. ಅದೊಂದು ವಿಶೇಷವೇ.

“ನಮ್ಮವ್ವ ಜೋಳದ ಹೊಲದಿಂದ ಬರುವಾಗ ಹತ್ತರಕಿ ಸೊಪ್ಪು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು,” ಮಾಸ್ತರರು ಚಹಾದ ಲೋಟವನ್ನು ತಿರುಗಿಸುತ್ತ ಹೇಳಿದರು. “ಹಸಿಯದನ್ನೇ ರೊಟ್ಟಿಯೊಂದಿಗೆ ತಿನ್ನುತ್ತಿದ್ದೆವು. ಬಿತ್ತಿದ್ದಲ್ಲ, ಕೊಂಡದ್ದೂ ಅಲ್ಲ. ಈಗ ನಾನೇ ಆಳು ಸಿಗುವುದಿಲ್ಲವೆಂದು ಅದೇ ಹೊಲಕ್ಕೆ ಕಳೆನಾಶಕ ಹೊಡೆಸುತ್ತೇನೆ.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಶರಣಪ್ಪ ಮಾತ್ರ ಮೊಬೈಲ್ ತೆಗೆದು ಕನ್ನಡಕ ಏರಿಸಿದ್ದ.

“ಮಾಸ್ತರರೇ, ಹತ್ತರಕಿಯ ಬೀಜ ಆನ್‌ಲೈನ್‌ನಲ್ಲಿ ಸಿಗುತ್ತದೆಯೇ?”

“ಸಿಕ್ಕರೂ ತರಿಸಬೇಡ,” ಎಂದ ರೇವಣ್ಣ, “ಬಂದ ಡಬ್ಬಿ ಬಿಚ್ಚಲು ನಿನಗೆ ಮತ್ತೆ ಆರು ತಿಂಗಳು ಬೇಕು.”