ಎಣ್ಣೆ ಹೆಚ್ಚಿರುವ ಬೌಲಿಂಗ್ ಲೇನಿನಲ್ಲಿ ರಿಯಾಕ್ಟಿವ್ ಚೆಂಡು ಹುಕ್ ಆಗುತ್ತಿಲ್ಲ (ತಿರುಗುತ್ತಿಲ್ಲ): ಹೊಸದನ್ನು ಕೊಳ್ಳಬೇಕೆ?

ಹೇಮಾವತಿ ದಂಡೆ (ಹಾಸನ):

ಎಲ್ಲರಿಗೂ ನಮಸ್ಕಾರ. ನಾನಿರುವುದು ಹಾಸನದಲ್ಲಿ, ಬೆಂಗಳೂರಿಗೆ ಹೋದಾಗಲೆಲ್ಲ ಟೆನ್‌ಪಿನ್ ಬೌಲಿಂಗ್ (ಲೇನಿನ ಮೇಲೆ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ) ಆಡುತ್ತೇನೆ, ಆಗೊಮ್ಮೆ ಈಗೊಮ್ಮೆ ಸ್ಪರ್ಧೆಗಳಲ್ಲಿಯೂ ಭಾಗವಹಿಸುತ್ತೇನೆ. ಬಲಗೈ ಆಟಗಾರ. ನನ್ನ ಚೆಂಡು 15 ಪೌಂಡ್ ತೂಕದ್ದು, ಅಸಮ ಕೋರ್‌ನದು (ಒಳಗಿನ ತೂಕದ ತಿರುಳು ಅಸಮ ಆಕಾರದ್ದು), ಸಾಲಿಡ್ (ಹೊಳಪಿನ ಪುಡಿ ಬೆರೆಸದ) ರಿಯಾಕ್ಟಿವ್ ರೆಸಿನ್ (ಎಣ್ಣೆ ಹೀರುವ ರಾಳ) ಹೊರಮೈ ಉಳ್ಳದ್ದು. ಹೆಚ್ಚು ಎಣ್ಣೆ ಇರುವ ಲೇನಿಗೆಂದೇ ತಯಾರಾದ ಚೆಂಡು ಎಂಬ ಕಾರಣಕ್ಕೆ ಬೆಲೆ ನೋಡದೆ ಕೊಂಡಿದ್ದೆ.

ಈಗಿನ ತೊಂದರೆ ಇದು. ವಾರಾಂತ್ಯದ ಸಂಜೆ, ನೂರಾರು ಜನ ಆಡಿ ಬಿಟ್ಟ ಲೇನಿನಲ್ಲಿ ಈ ಚೆಂಡು ಚೆನ್ನಾಗಿ ತಿರುಗುತ್ತದೆ. ಆದರೆ ಸ್ಪರ್ಧೆಯ ಬೆಳಿಗ್ಗೆ, ಆಗತಾನೇ ಎಣ್ಣೆ ಹಾಕಿದ ಲೇನಿನಲ್ಲಿ ಎಸೆದರೆ ಬಿಟ್ಟ ದಿಕ್ಕಿನಲ್ಲಿಯೇ ನೇರವಾಗಿ ಜಾರಿಕೊಂಡು ಹೋಗಿ ಪಾಕೆಟ್‌ನ (ಬಲಗೈಯವರಿಗೆ 1 ಮತ್ತು 3ನೇ ಪಿನ್‌ಗಳ ನಡುವಿನ ಜಾಗ) ಬಲಕ್ಕೆ ಬೀಳುತ್ತದೆ. ಕೊಂಡ ಹೊಸತರಲ್ಲಿ ಹೀಗಿರಲಿಲ್ಲ. ಮಣಿಕಟ್ಟನ್ನು ಇನ್ನಷ್ಟು ತಿರುಗಿಸಿ ಬಿಡಬೇಕೆಂದು ಒಬ್ಬರು ಹೇಳಿದರು, ಇದಕ್ಕಿಂತ ಬಲವಾದ ಚೆಂಡು ತೆಗೆದುಕೊಳ್ಳಬೇಕೆಂದು ಇನ್ನೊಬ್ಬರು ಹೇಳಿದರು. ಎರಡನೆಯದಕ್ಕೆ ದುಡ್ಡು ಹಾಕುವ ಮುನ್ನ ಇಲ್ಲಿ ಕೇಳೋಣವೆನಿಸಿತು.

ಹತ್ತನೇ ಪಿನ್ (ಬೆಂಗಳೂರು):

ನಮಸ್ಕಾರ ಸರ್. ಉತ್ತರಿಸುವ ಮೊದಲು ಕೆಲವು ವಿವರಗಳು ಬೇಕು. ಚೆಂಡು ಪಾಕೆಟ್ ತಪ್ಪಿದಾಗ ಯಾವ ಪಿನ್‌ಗಳು ಉಳಿಯುತ್ತವೆ? ಚೆಂಡಿನ ಹೊರಮೈಯನ್ನು ಕೊನೆಯ ಬಾರಿ ಯಾವ ಗ್ರಿಟ್‌ನಲ್ಲಿ (ಉಜ್ಜುವ ಪ್ಯಾಡಿನ ಸಂಖ್ಯೆ; ಹೆಚ್ಚಾದಷ್ಟೂ ಮೈ ನುಣುಪು) ಉಜ್ಜಿಸಿದ್ದೀರಿ? ಆಟದ ನಂತರ ಏನು ಹಾಕಿ ಒರೆಸುತ್ತೀರಿ? ಪರದೆಯ ಮೇಲೆ ವೇಗ ಎಷ್ಟು ತೋರಿಸುತ್ತದೆ?

ಮೊದಲ ಪ್ರಶ್ನೆಯನ್ನು ಸುಮ್ಮನೆ ಕೇಳುತ್ತಿಲ್ಲ. ‘ಚೆಂಡು ತಿರುಗುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಪರಸ್ಪರ ವಿರುದ್ಧವಾದ ಎರಡು ಕಾರಣಗಳಿರಬಹುದು. ಚೆಂಡಿಗೆ ಲೇನಿನ ಹಿಡಿತವೇ ಸಿಗದೆ ಕೊನೆಯವರೆಗೂ ಜಾರಿದ್ದಿರಬಹುದು. ಇಲ್ಲವೇ ತೀರಾ ಬೇಗ ಹಿಡಿತ ಸಿಕ್ಕಿ, ಪಿನ್‌ಗಳನ್ನು ಮುಟ್ಟುವಷ್ಟರಲ್ಲಿ ತಿರುವಿನ ಶಕ್ತಿಯೆಲ್ಲ ಮುಗಿದಿದ್ದಿರಬಹುದು. ಹಿಂದಿನಿಂದ ನೋಡುವವರಿಗೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ, ಆದರೆ ಒಂದರ ಪರಿಹಾರವನ್ನು ಇನ್ನೊಂದಕ್ಕೆ ಮಾಡಿದರೆ ತೊಂದರೆ ಇಮ್ಮಡಿಯಾಗುತ್ತದೆ.

ಹೇಮಾವತಿ ದಂಡೆ (ಹಾಸನ):

ಧನ್ಯವಾದಗಳು. ಹೆಚ್ಚಾಗಿ ಉಳಿಯುವುದು 2-4-5-8ನೇ ಪಿನ್‌ಗಳು. ಕೆಲವೊಮ್ಮೆ ಮೊದಲ ಪಿನ್ನೂ ಬೀಳದೆ 1-2-10 ಉಳಿಯುತ್ತದೆ. ವೇಗ ಗಂಟೆಗೆ 29 ಕಿ.ಮೀ. ಆಸುಪಾಸು. ಹೊರಮೈಯನ್ನು ಕೊಂಡ ಮೇಲೆ ಉಜ್ಜಿಸಿಲ್ಲ; ಕಾರ್ಖಾನೆಯಿಂದ 2000 ಗ್ರಿಟ್‌ನಲ್ಲಿ ಬಂದದ್ದು. ಈಗ ಮುಟ್ಟಿದರೆ ನುಣುಪಾಗಿದೆ, ಚೆಂಡು ಉರುಳುವ ಪಟ್ಟಿಯಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಕಾಣುತ್ತದೆ. ಒರೆಸುವುದು ಒಣ ಬಟ್ಟೆಯಲ್ಲಿ ಮಾತ್ರ.

ಹತ್ತನೇ ಪಿನ್ (ಬೆಂಗಳೂರು):

ಹಾಗಾದರೆ ವಿಷಯ ಬಹುಮಟ್ಟಿಗೆ ಸ್ಪಷ್ಟವಾಯಿತು. 2-4-5-8 ಮತ್ತು 1-2-10 ಎರಡೂ ಬಲಗೈ ಆಟಗಾರನ ಚೆಂಡು ಬೇಕಾದಷ್ಟು ತಿರುಗದೆ ಬಲಕ್ಕೆ ಉಳಿದದ್ದರ ಗುರುತುಗಳು. ಚೆಂಡು ಬೇಗ ಸುಸ್ತಾಗುವ ತೊಂದರೆಯಿದ್ದಿದ್ದರೆ ಅದು ಪಾಕೆಟ್ ತಲುಪಿಯೂ 5ನೇ ಪಿನ್ ಉಳಿಯುತ್ತಿತ್ತು, ಅಥವಾ 6ನೇ ಪಿನ್ ಸತ್ವವಿಲ್ಲದೆ ಪಕ್ಕದ ಕಾಲುವೆಗೆ ಬಿದ್ದು 10ನೆಯದು ಅಲುಗಾಡದೆ ನಿಲ್ಲುತ್ತಿತ್ತು. ನಿಮ್ಮದು ಅದಲ್ಲ. ನಿಮ್ಮ ಚೆಂಡು ಜಾರುತ್ತಿದೆ, ಮತ್ತು ನನ್ನ ಅಂದಾಜಿನಲ್ಲಿ ಅದಕ್ಕೆ ಕಾರಣ ಚೆಂಡಿನ ಜಾತಿಯೂ ಅಲ್ಲ, ನಿಮ್ಮ ಮಣಿಕಟ್ಟೂ ಅಲ್ಲ; ಹೊರಮೈ.

ಫೌಲ್ ಗೆರೆಯಿಂದ (ಎಸೆಯುವಾಗ ದಾಟಬಾರದ ಗೆರೆ) ಮೊದಲ ಪಿನ್‌ಗೆ 60 ಅಡಿ. ಅದರಲ್ಲಿ ಸಾಮಾನ್ಯವಾಗಿ ಮೊದಲ 40 ಅಡಿಯ ಆಸುಪಾಸು ಎಣ್ಣೆ ಇರುತ್ತದೆ, ಉಳಿದದ್ದು ಒಣ ಭಾಗ. ಎಣ್ಣೆಯ ಮೇಲೆ ಘರ್ಷಣಾಂಕ ಸುಮಾರು 0.04, ಒಣ ಭಾಗದಲ್ಲಿ ಸುಮಾರು 0.20, ಅಂದರೆ ಐದು ಪಟ್ಟು. ಚೆಂಡು ಮೊದಲು ಜಾರುತ್ತದೆ, ಆಮೇಲೆ ತಿರುಗುತ್ತದೆ, ಕೊನೆಗೆ ಉರುಳುತ್ತದೆ. ಈ ಮೂರು ಹಂತಗಳು ಎಲ್ಲಿ ಬದಲಾಗಬೇಕೆಂದು ನಿರ್ಧರಿಸುವುದು ಈ ಘರ್ಷಣೆಯೇ. ಎಣ್ಣೆಯ ಪದರವಾದರೋ ಮೈಕ್ರಾನ್‌ಗಳಲ್ಲಿ ಅಳೆಯುವಷ್ಟು ತೆಳುವಾದದ್ದು. ಒರಟಾಗಿ ಉಜ್ಜಿದ ಹೊರಮೈಯಲ್ಲಿರುವ ಸೂಕ್ಷ್ಮ ಮುಳ್ಳುಗಳು ಆ ಪದರವನ್ನು ತೂರಿ ಲೇನನ್ನು ಮುಟ್ಟುತ್ತವೆ, ಜೊತೆಗೆ ರಿಯಾಕ್ಟಿವ್ ರೆಸಿನ್‌ನ ರಂಧ್ರಗಳು ಮೈಗಂಟಿದ ಎಣ್ಣೆಯನ್ನು ಒಳಕ್ಕೆ ಹೀರಿಕೊಂಡು ಮುಂದಿನ ಎಸೆತಕ್ಕೆ ಮೈಯನ್ನು ಬರಿದಾಗಿಸುತ್ತವೆ. ‘ಹೆಚ್ಚು ಎಣ್ಣೆಯ ಚೆಂಡು’ ಎಂಬ ಹೆಸರಿಗೆ ಅರ್ಥವಿರುವುದು ಈ ಎರಡು ಗುಣಗಳು ಇರುವವರೆಗೆ ಮಾತ್ರ.

ನಿಮ್ಮ ಚೆಂಡಿನಲ್ಲಿ ಎರಡೂ ಕುಂದಿವೆ. ಆಡುತ್ತ ಆಡುತ್ತ ಲೇನೇ ಹೊರಮೈಯನ್ನು ಉಜ್ಜಿ ನುಣುಪು ಮಾಡುತ್ತದೆ. ಉರುಳುವ ಪಟ್ಟಿಯಲ್ಲಿ ಮಾತ್ರ ಟ್ಯೂಬ್‌ಲೈಟ್ ಕಾಣುತ್ತಿರುವುದು ಅದರ ಖಚಿತ ಗುರುತು. ಪೆಟ್ಟಿಗೆಯ ಮೇಲೆ 2000 ಎಂದಿದ್ದರೂ ನೀವೀಗ ಎಸೆಯುತ್ತಿರುವುದು ಅದಕ್ಕಿಂತ ಬಹಳ ನುಣುಪಾದ ಚೆಂಡನ್ನು. ಒಣ ಬಟ್ಟೆ ಮೇಲಿನ ಎಣ್ಣೆಯನ್ನಷ್ಟೇ ತೆಗೆಯುತ್ತದೆ, ರಂಧ್ರಗಳೊಳಗೆ ಇಳಿದದ್ದು ಅಲ್ಲಿಯೇ ಉಳಿಯುತ್ತದೆ. ಪರೀಕ್ಷೆ ಸುಲಭ: ಎಸೆದ ಚೆಂಡು ಮರಳಿ ಬಂದಾಗ ಅದರ ಮೇಲೆ ಎಣ್ಣೆಯ ಉಂಗುರಗಳು ಕಾಣುತ್ತವೆ. ಒರೆಸದೆ ಪಕ್ಕಕ್ಕಿಡಿ. ಆರೋಗ್ಯವಾಗಿರುವ ಸಾಲಿಡ್ ಚೆಂಡಿನಲ್ಲಿ ಅವು ನೋಡನೋಡುತ್ತಿದ್ದಂತೆ ಮಂಕಾಗಿ ಒಳಗಿಳಿಯುತ್ತವೆ. ಅರ್ಧ ಗಂಟೆಯ ನಂತರವೂ ಹಾಗೆಯೇ ಹೊಳೆಯುತ್ತಿದ್ದರೆ ಚೆಂಡಿನ ಹೊಟ್ಟೆ ತುಂಬಿದೆ ಎಂದು ತಿಳಿಯಿರಿ.

ಸಂಜೆಯ ಲೇನಿನಲ್ಲಿ ಇದು ಗೊತ್ತಾಗದಿರುವುದು ಸಹಜ. ಅಲ್ಲಿ ಎಣ್ಣೆ ನಡುವೆ ದಟ್ಟವಾಗಿ, ಅಂಚುಗಳಲ್ಲಿ ತೆಳುವಾಗಿ ಇರುತ್ತದೆ, ಅದೂ ಆಟದಿಂದ ಚದುರಿ ಹೋಗಿರುತ್ತದೆ. ನುಣುಪಾದ ಚೆಂಡಿಗೂ ಎಲ್ಲೋ ಒಂದು ಕಡೆ ಹಿಡಿತ ಸಿಗುತ್ತದೆ. ಸ್ಪರ್ಧೆಯ ಪ್ಯಾಟರ್ನ್‌ಗಳಲ್ಲಿ (ಎಣ್ಣೆ ಹಾಕುವ ವಿನ್ಯಾಸಗಳಲ್ಲಿ) ನಡುವಿಗೂ ಅಂಚಿಗೂ ಎಣ್ಣೆಯ ವ್ಯತ್ಯಾಸ ಕಡಿಮೆಯಿರುವುದರಿಂದ ಬಲಕ್ಕೆ ತಪ್ಪಿದ ಚೆಂಡನ್ನು ಹಿಂದಕ್ಕೆ ತರುವ ಒಣ ಜಾಗವೇ ಇರುವುದಿಲ್ಲ.

ಸಕಲೇಶಪುರ ಸ್ಟ್ರೈಕ್:

ಹತ್ತನೇ ಪಿನ್ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಕೋರ್‌ನ ಪಾತ್ರವನ್ನು ಅವರು ಕಡೆಗಣಿಸಿದ್ದಾರೆ ಎನಿಸಿತು. ಡಿಫರೆನ್ಷಿಯಲ್ (ಕೋರ್ ಬೇರೆ ಬೇರೆ ಅಕ್ಷಗಳಲ್ಲಿ ತಿರುಗುವಾಗಿನ ವ್ಯತ್ಯಾಸದ ಅಳತೆ) ಹೆಚ್ಚಿರುವ ಚೆಂಡು ತೆಗೆದುಕೊಂಡರೆ ಫ್ಲೇರ್ (ಉರುಳುವ ಪಟ್ಟಿ ಪ್ರತಿ ಸುತ್ತಿಗೂ ಸರಿಯುವುದು) ಹೆಚ್ಚುತ್ತದೆ, ಪ್ರತಿ ಸುತ್ತಿಗೂ ಎಣ್ಣೆ ಮುಟ್ಟದ ಹೊಸ ಮೈ ಲೇನಿಗೆ ತಾಗುತ್ತದೆ. ಆಗ ಹುಕ್ ತಾನಾಗಿಯೇ ಹೆಚ್ಚಬೇಕಲ್ಲವೆ?

ಹತ್ತನೇ ಪಿನ್ (ಬೆಂಗಳೂರು):

ತಾವು ಹೇಳಿದ್ದು ಸರಿ, ಆದರೆ ಈ ಪ್ರಶ್ನೆಗೆ ಅದು ಎರಡನೆಯ ಮಾತು. ಯುಎಸ್‌ಬಿಸಿ (ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆ) ನಿಯಮದಂತೆ ಡಿಫರೆನ್ಷಿಯಲ್ 0.060 ಮೀರುವಂತಿಲ್ಲ. ಹೆಚ್ಚು ಎಣ್ಣೆಗೆಂದು ಮಾಡಿದ ಚೆಂಡುಗಳಲ್ಲಿ ಡಿಫರೆನ್ಷಿಯಲ್ ಸಾಮಾನ್ಯವಾಗಿ ಈಗಾಗಲೇ ಆ ಮಿತಿಯ ಹತ್ತಿರದಲ್ಲಿಯೇ ಇರುತ್ತದೆ. ಹೊಸ ಚೆಂಡಿನಿಂದ ಕೋರ್‌ನಲ್ಲಿ ಸಿಗುವ ಲಾಭ ಅಲ್ಪ. ಹೊಸದಾದ್ದರಿಂದ ಅದರ ಹೊರಮೈ ಒರಟಾಗಿರುತ್ತದೆ, ಆ ಸುಧಾರಣೆಯನ್ನು ಜನ ಕೋರ್‌ನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಚೆಂಡಿನ ಚಲನೆಯ ಬಗ್ಗೆ ಯುಎಸ್‌ಬಿಸಿಯೇ ನಡೆಸಿದ ಅಧ್ಯಯನದಲ್ಲಿಯೂ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುವುದು ಹೊರಮೈಯ ಗುಣಗಳೇ ಎಂದು ಕಂಡುಬಂದಿತ್ತು. ಹೊಸ ಚೆಂಡನ್ನೂ ಹೀಗೆಯೇ ಇಟ್ಟುಕೊಂಡರೆ ಮುಂದಿನ ವರ್ಷ ಇದೇ ಪ್ರಶ್ನೆ ಮತ್ತೆ ಬರುತ್ತದೆ.

ಮುಳ್ಳಯ್ಯನಗಿರಿ (ಚಿಕ್ಕಮಗಳೂರು):

ನಮ್ಮ ಕಡೆ ಬೌಲಿಂಗ್ ಚೆಂಡು ನೋಡಿಕೊಳ್ಳುವ ಅಂಗಡಿಗಳಿಲ್ಲವಾದ್ದರಿಂದ, ಮನೆಯಲ್ಲಿಯೇ ಮಾಡಬಹುದಾದದ್ದನ್ನು ವಿವರವಾಗಿ ಬರೆಯುತ್ತೇನೆ.

ಮೊದಲು ಎಣ್ಣೆ ತೆಗೆಯಬೇಕು, ಆಮೇಲೆ ಉಜ್ಜಬೇಕು. ಈ ಕ್ರಮ ತಪ್ಪಿದರೆ ಉಜ್ಜಿದ ಪುಡಿಯೂ ಎಣ್ಣೆಯೂ ಸೇರಿ ರಂಧ್ರಗಳನ್ನು ಮತ್ತೆ ಮುಚ್ಚುತ್ತವೆ. ಬೆರಳಿನ ರಂಧ್ರಗಳಿಗೆ ನೀರು ಹೋಗದ ಟೇಪ್ ಅಂಟಿಸಿ. ಬಕೆಟ್ಟಿನ ತಳಕ್ಕೆ ಹಳೆಯ ಟವೆಲ್ ಹಾಸಿ, ಏಕೆಂದರೆ 15 ಪೌಂಡ್ ಚೆಂಡು ಮುಳುಗುತ್ತದೆ (12 ಪೌಂಡಿಗಿಂತ ಹಗುರವಾದದ್ದು ತೇಲುತ್ತದೆ). ಪಾತ್ರೆ ತೊಳೆಯುವ ದ್ರವವನ್ನು ಸ್ವಲ್ಪ ಬೆರೆಸಿದ, 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಮಲೆನಾಡಿನ ಮನೆಗಳಲ್ಲಿ ಬಚ್ಚಲಿನ ಹಂಡೆಯಿಂದ ಕೊತಕೊತ ಕುದಿಯುವ ನೀರನ್ನು ನೇರವಾಗಿ ಸುರಿಯುವ ಆಸೆಯಾಗಬಹುದು, ದಯವಿಟ್ಟು ಬೇಡ. ಅತಿಯಾದ ಬಿಸಿಗೆ ಹೊರಮೈ ಬಿರುಕು ಬಿಡುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಬೇಕಾದ್ದಕ್ಕಿಂತ ತಣ್ಣಗಿರುವುದೇ ಲೇಸು. ನೀರಿನ ಮೇಲೆ ಎಣ್ಣೆಯ ತೆರೆ ಕಾಣಿಸಿಕೊಂಡಾಗ ಅದು ಎಲ್ಲಿ ಅಡಗಿತ್ತೆಂದು ನಿಮಗೇ ಆಶ್ಚರ್ಯವಾದೀತು. ತೆರೆ ಕಾಣದಾಗುವವರೆಗೆ ನೀರು ಬದಲಿಸಿ ಮತ್ತೆ ಮಾಡಿ, ಆಮೇಲೆ ನೆರಳಿನಲ್ಲಿ ಆರಲು ಬಿಡಿ. ಮಳೆಗಾಲದಲ್ಲಿ ಇಲ್ಲಿ ಆರುವುದು ನಿಧಾನ, ಟೇಪ್ ತೆಗೆದು ರಂಧ್ರಗಳ ಒಳಭಾಗವನ್ನೂ ಒರೆಸಿರಿ. ಓವನ್, ಹೇರ್ ಡ್ರೈಯರ್ ಮುಂತಾದವುಗಳ ಸಹವಾಸ ಬೇಡ.

ಉಜ್ಜುವುದಕ್ಕೆ ಸ್ಪಂಜಿನ ಬೆನ್ನಿರುವ 1000 ಗ್ರಿಟ್‌ನ ಅಬ್ರಾಲಾನ್ ಪ್ಯಾಡ್ ತರಿಸಿಕೊಳ್ಳುವುದು ಒಳ್ಳೆಯದು. ವಾಹನಗಳಿಗೆ ಬಣ್ಣ ಹಚ್ಚುವವರು ಬಳಸುವ ವಾಟರ್ ಪೇಪರ್ ಹಾಸನದಲ್ಲಿಯೂ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಕಾಗದ ಚೆಂಡಿನ ದುಂಡಿಗೆ ಹೊಂದಿಕೊಳ್ಳದೆ ಅಲ್ಲಲ್ಲಿ ಆಳವಾಗಿ ಗೀರುತ್ತದೆ. ಪ್ಯಾಡನ್ನು ಒದ್ದೆ ಮಾಡಿ, ಚೆಂಡಿನ ಆರೂ ದಿಕ್ಕುಗಳಲ್ಲಿ ಒಂದೇ ಒತ್ತಡ, ಒಂದೇ ಅವಧಿ, ಸುತ್ತುಸುತ್ತಾಗಿ ಉಜ್ಜಿ. ಉರುಳುವ ಪಟ್ಟಿಯನ್ನಷ್ಟೇ ಉಜ್ಜಿ ಬಿಡಬೇಡಿ.

ಮುಂದಕ್ಕೆ, ಪ್ರತಿ ಆಟದ ದಿನದ ಕೊನೆಯಲ್ಲಿ ಮೈಕ್ರೋಫೈಬರ್ ಬಟ್ಟೆಗೆ ಔಷಧ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಚೆಂಡು ಇನ್ನೂ ಬೆಚ್ಚಗಿರುವಾಗಲೇ ಒರೆಸಿ. ಇನ್ನೊಂದು ವಿಷಯ: ಬೆಂಗಳೂರಿನಿಂದ ಬಂದು ಚೆಂಡನ್ನು ಕಾರಿನ ಡಿಕ್ಕಿಯಲ್ಲಿಯೇ ಬಿಡುವ ಅಭ್ಯಾಸವಿದ್ದರೆ ನಿಲ್ಲಿಸಿ. ಬಿಸಿಲಿಗೆ ಒಳಗಿನ ಎಣ್ಣೆ ಮೇಲಕ್ಕೆ ಬೆವರುತ್ತದೆ. ಹಗಲಿನ ಕಾವು, ರಾತ್ರಿಯ ಚಳಿ ಎರಡನ್ನೂ ಉಂಡ ಚೆಂಡು ಸೀಳಿಕೊಳ್ಳುವುದೂ ಉಂಟು.

ಹತ್ತನೇ ಪಿನ್ (ಬೆಂಗಳೂರು):

ಇದಕ್ಕೆ ನಿಯಮದ ಒಂದು ಮಾತು ಸೇರಿಸುತ್ತೇನೆ. ಯುಎಸ್‌ಬಿಸಿ ನಿಯಮದಡಿ 2019ರ ಆಗಸ್ಟ್ 1ರಿಂದ ಸ್ಪರ್ಧೆಯ ನಡುವೆ ಚೆಂಡಿಗೆ ಯಾವ ದ್ರವವನ್ನೂ ಹಾಕುವಂತಿಲ್ಲ, ಒಣ ಬಟ್ಟೆ ಮಾತ್ರ. ಸ್ಪರ್ಧೆ ಆರಂಭವಾದ ಮೇಲೆ ಹೊರಮೈಯನ್ನು ಉಜ್ಜುವಂತೆಯೂ ಇಲ್ಲ. ಆದ್ದರಿಂದ ಆಲ್ಕೊಹಾಲ್, ಪ್ಯಾಡ್ ಎಲ್ಲವೂ ಮೊದಲೇ ಮುಗಿದಿರಬೇಕು. ನೀವು ಆಡುವ ಸ್ಪರ್ಧೆಯ ಆಯೋಜಕರಲ್ಲಿ ಒಮ್ಮೆ ವಿಚಾರಿಸಿ, ಹಾಗೆಯೇ ಪ್ಯಾಟರ್ನ್‌ನ ಹಾಳೆಯನ್ನೂ ಕೇಳಿ ಪಡೆಯಿರಿ. ಅದರಲ್ಲಿ ಎಣ್ಣೆಯ ಉದ್ದ ಇರುತ್ತದೆ. ಆ ಉದ್ದದಿಂದ 31 ಕಳೆದರೆ ಚೆಂಡು ತಿರುವು ಪಡೆಯಬೇಕಾದ ಹಲಗೆ (ಲೇನಿನ ಉದ್ದಕ್ಕೂ ಇರುವ ಕಿರಿದಾದ ಪಟ್ಟಿಗಳಲ್ಲಿ ಒಂದು) ಸ್ಥೂಲವಾಗಿ ಸಿಗುತ್ತದೆ: 42 ಅಡಿಯಿದ್ದರೆ ಬಲದಿಂದ 11ನೆಯದು. ಎಣ್ಣೆ ಉದ್ದವಾದಷ್ಟೂ ಚೆಂಡನ್ನು ಹೊರಕ್ಕೆ ಕಳಿಸುವ ಸಲುಗೆ ಕಡಿಮೆಯಾಗುತ್ತದೆ.

ಮಣಿಕಟ್ಟಿನ ಸಲಹೆಯನ್ನು ಬಿಟ್ಟುಬಿಡಿ. ಪಕ್ಕದ ತಿರುವನ್ನು ಹೆಚ್ಚಿಸಿದರೆ ಚೆಂಡು ಇನ್ನೂ ಹೆಚ್ಚು ದೂರ ಜಾರುತ್ತದೆ. ದಟ್ಟ ಎಣ್ಣೆಯಲ್ಲಿ ಕೈ ಚೆಂಡಿನ ಹಿಂದೆಯೇ ಇದ್ದು ಮುಂದಕ್ಕೆ ಉರುಳಿಸಿದಂತೆ ಬಿಡುವುದು ಮೇಲು. ವೇಗವನ್ನು ಗಂಟೆಗೆ ಒಂದೆರಡು ಕಿ.ಮೀ. ಇಳಿಸಿದರೂ ಸಾಕು, ಚೆಂಡಿಗೆ ಲೇನನ್ನು ಹಿಡಿಯಲು ಸಮಯ ಸಿಗುತ್ತದೆ.

ಹೇಮಾವತಿ ದಂಡೆ (ಹಾಸನ):

ಎಲ್ಲರಿಗೂ ಕೃತಜ್ಞತೆಗಳು. ಬಿಸಿನೀರಿನ ಕೆಲಸ ಮುಗಿಸಿ, 1000ದ ಪ್ಯಾಡಿನಲ್ಲಿ ಉಜ್ಜಿ, ಹೊಸದಾಗಿ ಎಣ್ಣೆ ಹಾಕಿದ ಲೇನಿನಲ್ಲಿ ಆಡಿ ಬಂದೆ. ಮೊದಲ ಆಟದಿಂದಲೇ ಚೆಂಡು ಪಾಕೆಟ್ ಸೇರುತ್ತಿದೆ. ಉಂಗುರಗಳೂ ಬೇಗ ಮಂಕಾಗುತ್ತಿವೆ. ಆದರೆ ಮೂರನೆಯ ಆಟದ ಹೊತ್ತಿಗೆ ಅದು ತೀರಾ ಬೇಗ ತಿರುಗಿ ಮೊದಲ ಪಿನ್‌ನ ನಡುಮುಖಕ್ಕೇ ಹೊಡೆಯತೊಡಗಿತು. ಮತ್ತೆ ಸ್ವಲ್ಪ ನುಣುಪು ಮಾಡಬೇಕೆ?

ಹತ್ತನೇ ಪಿನ್ (ಬೆಂಗಳೂರು):

ಬೇಡ. ಒರಟು ಚೆಂಡುಗಳು ತಮ್ಮ ದಾರಿಯ ಎಣ್ಣೆಯನ್ನು ತಾವೇ ಹೀರಿ ಒಣಗಿಸುತ್ತವೆ, ಲೇನಿನಲ್ಲಿ ನಾಲ್ಕು ಜನ ಅಂಥವನ್ನೇ ಆಡುತ್ತಿದ್ದರೆ ಇನ್ನೂ ಬೇಗ. ಆಗ ಚೆಂಡನ್ನಲ್ಲ, ನಿಂತ ಜಾಗವನ್ನು ಬದಲಿಸಬೇಕು: ಪಾದ ಎರಡು ಹಲಗೆ ಎಡಕ್ಕೆ, ಗುರಿ ಒಂದು ಹಲಗೆ ಎಡಕ್ಕೆ. ಹಾಗೆ ಸರಿಯುತ್ತ ಹೋದಾಗ ಪಾಕೆಟ್ ತಲುಪಿಯೂ 10ನೇ ಪಿನ್ ಅಲುಗಾಡದೆ ಉಳಿಯತೊಡಗಿದರೆ, ನಾನು ಮೊದಲು ಹೇಳಿದ ಎರಡನೆಯ ಕಾರಣ ಶುರುವಾಗಿದೆ ಎಂದರ್ಥ; ಈ ಚೆಂಡನ್ನು ಚೀಲಕ್ಕೆ ಹಾಕಿ ಪರ್ಲ್ (ಹೊಳಪಿನ ಪುಡಿ ಬೆರೆಸಿದ) ಹೊರಮೈಯ, ಪಾಲಿಶ್ ಮಾಡಿದ ಚೆಂಡನ್ನು ತೆಗೆಯಿರಿ. ದುಡ್ಡು ಹಾಕಲೇಬೇಕೆಂದಿದ್ದರೆ ಅಂಥದ್ದೊಂದಕ್ಕೆ ಹಾಕಿ, ಇದಕ್ಕಿಂತ ಬಲವಾದದ್ದಕ್ಕಲ್ಲ. ಉಳಿದ 10ನೇ ಪಿನ್ ತೆಗೆಯುವುದಕ್ಕೆ ಮಾತ್ರ ಪ್ಲಾಸ್ಟಿಕ್ ಚೆಂಡು ಬಳಸಿ. ನಿಮ್ಮ ಸಾಲಿಡ್ ಚೆಂಡಿನ ಹೊಳಪು ಮರಳಿ ಬರುತ್ತಿದೆಯೆ ಎಂದು ಪ್ರತಿ ಸ್ಪರ್ಧೆಯ ಹಿಂದಿನ ದಿನ ಅದೇ ಟ್ಯೂಬ್‌ಲೈಟಿನ ಕೆಳಗೆ ನೋಡಿ. ಪ್ರತಿಬಿಂಬ ಕಂಡರೆ ಪ್ಯಾಡ್ ಹಿಡಿಯಿರಿ.