ಜಾಲಹಳ್ಳಿ–ಬೊಮ್ಮಸಂದ್ರ ದಿನಾ ಮೆಟ್ರೊ: ಕಾರ್ಡೋ, ಕ್ಯೂಆರೋ? ಬಳಸುವವರು ಹೇಳಿ

ಪ್ರಶ್ನೆ: ಮುಂದಿನ ತಿಂಗಳಿಂದ ವಾರಕ್ಕೆ ಐದು ದಿನ ಓಡಾಟ. ಆರ್‌.ವಿ. ರಸ್ತೆಯಲ್ಲಿ ಹಸಿರು ಮಾರ್ಗದಿಂದ ಹಳದಿ ಮಾರ್ಗಕ್ಕೆ ಬದಲಾಯಿಸಬೇಕು. ಮೆಟ್ರೊ ಕಾರ್ಡು, ಎನ್‌ಸಿಎಂಸಿ (ಎಲ್ಲ ಊರಿಗೂ ಒಂದೇ ಪ್ರಯಾಣ ಕಾರ್ಡು), ಫೋನಿನ ಕ್ಯೂಆರ್ ಟಿಕೆಟ್, ಯಾವುದು ವಾಸಿ?

ಹಸಿರು ಮಾರ್ಗದವ: ಮೆಟ್ರೊ ಕಾರ್ಡು, ಎರಡನೇ ಮಾತೇ ಇಲ್ಲ. 2025ರ ಫೆಬ್ರವರಿ 9ರ ಪರಿಷ್ಕರಣೆಯಲ್ಲಿ 25 ಕಿ.ಮೀ. ದಾಟಿದರೆ 90 ರೂ. ಆಯ್ತು, ಅದಕ್ಕೆ ಮುಂಚೆ ಗರಿಷ್ಠ 60 ಇತ್ತು. ಕಾರ್ಡಿಗೆ 5% ಕಡಿತ, ಅಂದರೆ 85.50. ಬೆಳಗ್ಗೆ 8ರೊಳಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ಮೇಲೆ ಇನ್ನೊಂದು 5%, ಆಗ 81. ತಿಂಗಳಿಗೆ 22 ದಿನ, 44 ಪ್ರಯಾಣ: ಟೋಕನ್‌ನಲ್ಲಿ 3960. ಕಾರ್ಡಿನಲ್ಲಿ ಬೆಳಗಿನದು 8ರೊಳಗೆ, ಸಂಜೆಯದು ದಟ್ಟಣೆ ಹೊತ್ತಲ್ಲಿ ಅಂತಿಟ್ಟರೆ 3663. 297 ರೂಪಾಯಿ ಉಳೀತು.

ಕ್ಯೂಆರ್ ಪಕ್ಷ: ಉಳಿದದ್ದನ್ನ ಲೆಕ್ಕ ಹಾಕಿದಿರಿ, ಸಿಕ್ಕಿಬಿದ್ದದ್ದನ್ನ ಬಿಟ್ಟಿರಿ. ಕಾರ್ಡಿನಲ್ಲಿ ಕನಿಷ್ಠ 90 ಇಲ್ಲದಿದ್ದರೆ ಗೇಟು ತೆರೆಯಲ್ಲ. 500 ಹಾಕಿ, 85.50ರಂತೆ ಐದು ಸಲ ಹೋದ ಮೇಲೆ ಉಳಿಯೋದು 72.50. ಆ ದುಡ್ಡಲ್ಲಿ ಎರಡು ಸ್ಟೇಷನ್ ದೂರಕ್ಕೂ ಒಳಗೆ ಬಿಡಲ್ಲ. ಮೇಲೆ ಕಾರ್ಡಿನ ಠೇವಣಿ ಬೇರೆ. ಆನ್‌ಲೈನ್ ರೀಚಾರ್ಜ್ ಮಾಡಿದ ತಕ್ಷಣ ಗೇಟಿಗೆ ಓಡಿದರೂ ಹಣ ಕಾರ್ಡಿಗೆ ಬಂದಿರಲ್ಲ.

ಹಸಿರು ಮಾರ್ಗದವ: ಹಿಂದಿನ ರಾತ್ರಿಯೇ ರೀಚಾರ್ಜ್ ಮಾಡಿದರೆ ಬೆಳಗ್ಗೆ ಹೊತ್ತಿಗೆ ಸಿದ್ಧ. 3000ದವರೆಗೆ ತುಂಬಿಸಬಹುದು. ದಿನಾ 500 ಹಾಕಿ ಅಂತ ಯಾರು ಹೇಳಿದ್ದು? ಕ್ಯೂಆರ್‌ನವರು ಗೇಟಿನ ಮುಂದೆ ನಿಂತು ಪರದೆಯ ಬೆಳಕು ಏರಿಸ್ತಾ, ಒಡೆದ ಗಾಜನ್ನ ಓರೆ ಮಾಡ್ತಾ ಇರ್ತಾರೆ. ಹಿಂದೆ ಹತ್ತು ಜನ ಕಾಯ್ತಾರೆ.

ಎನ್‌ಸಿಎಂಸಿ ಬಳಕೆದಾರ: ಎನ್‌ಸಿಎಂಸಿ ತಗೊಳ್ಳಿ, ಬೇರೆ ಊರಿನ ಮೆಟ್ರೊದಲ್ಲೂ ನಡೆಯುತ್ತೆ. ಆದರೆ ಒಂದು ತಿಳ್ಕೊಳ್ಳಿ: ಹಣ ಎರಡು ಕಡೆ ಇರುತ್ತೆ. ಆ್ಯಪಿನಲ್ಲಿ ಹಾಕಿದ್ದು ಖಾತೆಯಲ್ಲಿ, ಗೇಟು ಓದೋದು ಚಿಪ್ಪಿನಲ್ಲಿರೋದನ್ನ. ಖಾತೆಯಿಂದ ಚಿಪ್ಪಿಗೆ ಇಳಿಸಲೇಬೇಕು. ಚಿಪ್ಪಿನ ಮಿತಿ 2000. ಕಾರ್ಡು ಕಳೆದರೆ ಖಾತೆಯ ಹಣ ತಡೆಹಿಡಿಯಬಹುದು, ಚಿಪ್ಪಿನದು ಹೋಯ್ತು ಅಂತಲೇ.

ಹಸಿರು ಮಾರ್ಗದವ: ಮತ್ತೆ ಪರ್ಸಿನಲ್ಲಿ ಮೆಟ್ರೊ ಕಾರ್ಡು, ಎನ್‌ಸಿಎಂಸಿ, ಆಫೀಸಿನ ಕಾರ್ಡು ಒಟ್ಟಿಗೆ ಇಟ್ಟು ಪರ್ಸನ್ನೇ ಒತ್ತೋದು. ರೀಡರ್‌ಗೆ ಒಂದೇ ಸಲಕ್ಕೆ ಎರಡು ಮೂರು ಚಿಪ್ ಸಿಕ್ಕರೆ ಯಾವುದೂ ಓದಲ್ಲ. ಇನ್ನೂ ಕೆಟ್ಟದ್ದು, ಒಳಗೆ ಒಂದು ಕಾರ್ಡು, ಹೊರಗೆ ಇನ್ನೊಂದು ತಗಲುತ್ತೆ. ಆಮೇಲೆ ಗ್ರಾಹಕ ಸೇವಾ ಕೌಂಟರಿನ ಸಾಲು. ಯಾವ ಕಾರ್ಡಾದರೂ ಪರ್ಸಿಂದ ಹೊರಗೆ ತೆಗೆದು, ಬೀಪ್ ಬರೋವರೆಗೆ ಚಪ್ಪಟೆಯಾಗಿ ಹಿಡೀರಿ.

ಮೆಜೆಸ್ಟಿಕ್ ದಿನಚರಿ: ಕ್ಯೂಆರ್ ಬೇಡವೇ ಬೇಡ. ಸುರಂಗದಲ್ಲಿ ನೆಟ್‌ವರ್ಕ್ ಕೈಕೊಡುತ್ತೆ, 2011ರಿಂದ ಇದೇ ಗೋಳು.

ಕ್ಯೂಆರ್ ಪಕ್ಷ: ಸ್ವಾಮಿ, 2011ರಲ್ಲಿ ಸುರಂಗ ಎಲ್ಲಿತ್ತು? ಅಕ್ಟೋಬರ್ 20ಕ್ಕೆ ಶುರುವಾದ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ಪೂರ್ತಿ ಮೇಲ್ಸೇತುವೆ. ಸುರಂಗ ಬಂದದ್ದು 2016ರ ಏಪ್ರಿಲ್ ಕೊನೆಗೆ, ಕಬ್ಬನ್ ಪಾರ್ಕ್ ಕಡೆ. ವಾಟ್ಸ್‌ಆ್ಯಪ್ ಕ್ಯೂಆರ್ ಶುರುವಾದದ್ದೇ 2022ರ ನವೆಂಬರ್ 1ಕ್ಕೆ. ಅದಿರಲಿ, ಇವರು ಹತ್ತೋದು ಜಾಲಹಳ್ಳಿ, ಇಳಿಯೋದು ಬೊಮ್ಮಸಂದ್ರ, ಎರಡೂ ಮೇಲೆ. ಸುರಂಗ ಸಿಗೋದು ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆಯಲ್ಲಿ, ಅಲ್ಲಿ ಗೇಟೇ ದಾಟಲ್ಲ. ಆರ್‌.ವಿ. ರಸ್ತೆಯಲ್ಲೂ ಗೇಟಿನಿಂದ ಹೊರಗೆ ಬರಬೇಡಿ. ಬಂದರೆ ಕಾರ್ಡಾದರೂ ಕ್ಯೂಆರ್ ಆದರೂ ಪ್ರಯಾಣ ಅಲ್ಲಿಗೇ ಮುಗಿದಂತೆ.

ಹಳದಿ ಕಾಯುವವ: ನೀವೆಲ್ಲ ಗೇಟಿಗೆ ಜಗಳ ಆಡ್ತಿದ್ದೀರಿ, ಹೊತ್ತು ಹೋಗೋದು ಆರ್‌.ವಿ. ರಸ್ತೆಯ ಪ್ಲಾಟ್‌ಫಾರ್ಮಿನಲ್ಲಿ. 2025ರ ಆಗಸ್ಟ್ 11ಕ್ಕೆ ಹಳದಿ ಓಡಲು ಶುರುವಾದಾಗ ಮೂರೇ ರೈಲು, 25 ನಿಮಿಷಕ್ಕೊಂದು. ರೈಲು ಸೇರಿದ ಹಾಗೆ ಅಂತರ ಇಳಿದಿದೆ. ಹಳದಿಯ ಸಮಯ ನೋಡಿಕೊಂಡು ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಜಾಲಹಳ್ಳಿ ಬಿಡಿ. ಉಲ್ಟಾ ಮಾಡಬೇಡಿ.

ಮೆಜೆಸ್ಟಿಕ್ ದಿನಚರಿ: ವರ್ಷ ತಪ್ಪಾಯ್ತು, ಒಪ್ಪಿದೆ. ಆದರೆ ಹಸಿರಿನ ಸುರಂಗ 2016ರದ್ದಲ್ಲ, 2017ರ ಜೂನ್. ಗ್ರಾನೈಟ್ ಬಂಡೆ, ಸಡಿಲ ಮಣ್ಣು ಬೆರೆತ ನೆಲದಲ್ಲಿ ಸುರಂಗ ಕೊರೆಯೋ ಯಂತ್ರದ ಕಟರ್‌ಗಳು ಪದೇ ಪದೇ ಕೆಟ್ಟು ತಡವಾಯ್ತು. ತಿದ್ದೋರು ಅದನ್ನೂ ಸೇರಿಸಿ ತಿದ್ದಬೇಕಿತ್ತು.

ಕ್ಯೂಆರ್ ಪಕ್ಷ: ನಾನು ಬರೆದದ್ದು ಕಬ್ಬನ್ ಪಾರ್ಕ್ ಕಡೆ ಅಂತ. ಓದಿ ನೋಡಿ.