ಮುತ್ತಿಗೆಯೋ, ದಿಗ್ಬಂಧನವೋ: ಲಾ ರೋಶೆಲ್ ಕುರಿತು ಒಂದು ಪದಪ್ರಶ್ನೆ

ಮಾನ್ಯರೇ,

ಫ್ರಾನ್ಸಿನ ಕರಾವಳಿಯ ಲಾ ರೋಶೆಲ್ ಪಟ್ಟಣವು ಪ್ರಾಟೆಸ್ಟೆಂಟರ ಭದ್ರನೆಲೆಯಾಗಿದ್ದು, ಮತಯುದ್ಧಗಳ ಕಾಲದಲ್ಲಿ ಕ್ಯಾಥೊಲಿಕ್ ಅರಸರ ಸೇನೆ ಅದನ್ನು 1573ರಲ್ಲಿಯೂ 1627–28ರಲ್ಲಿಯೂ ಸುತ್ತುವರಿಯಿತು. (‘ಧರ್ಮಯುದ್ಧ’ವೆಂದರೆ ನಮ್ಮಲ್ಲಿ ನ್ಯಾಯದ ಯುದ್ಧವೆಂಬ ಅರ್ಥ ಬರುವುದರಿಂದ ಆ ಪದವನ್ನು ಬಿಟ್ಟಿದ್ದೇನೆ.) ಇವೆರಡನ್ನೂ ‘ಮುತ್ತಿಗೆ’ ಎಂದೇ ಬರೆದೆನಾದರೂ ಮನಸ್ಸು ಒಪ್ಪುತ್ತಿಲ್ಲ.

ಮೊದಲನೆಯದರಲ್ಲಿ ಸೈನಿಕರು ಮತ್ತೆ ಮತ್ತೆ ಕೋಟೆಗೋಡೆಯ ಮೇಲೆ ಏರಿಹೋಗಿ ಸೋತರು. ಅದಕ್ಕೆ ‘ಲಗ್ಗೆ’ ಎಂಬ ಪದ ಸಲ್ಲುತ್ತದೆ. ಎರಡನೆಯದರಲ್ಲಿ ಫ್ರಾನ್ಸಿನ ಅರಸನ ಮಂತ್ರಿ ರಿಶೆಲ್ಯೂ ಹಸಿವನ್ನೇ ಆಯುಧ ಮಾಡಿಕೊಂಡ. ಹದಿಮೂರು ತಿಂಗಳಿಗೂ ಮೀರಿ ಸಾಗಿ, 1628ರ ಅಕ್ಟೋಬರ್ 28ರಂದು ಪಟ್ಟಣ ಶರಣಾದಾಗ, ಸುಮಾರು 27,000 ಜನರಲ್ಲಿ ಉಳಿದವರು 5,000ದಷ್ಟು ಮಾತ್ರ. ‘ಮುತ್ತು’ ಎಂಬ ಕ್ರಿಯಾಪದದಲ್ಲಿ ಬೆಲ್ಲಕ್ಕೆ ಇರುವೆ ಮುತ್ತುವಂತಹ ದಟ್ಟಣೆಯಿದೆ, ಆದರೆ ಕಾಯುವಿಕೆಯಿಲ್ಲ; ಬೆಳಿಗ್ಗೆ ಕಚೇರಿಗೆ ಹಾಕಿ ಸಂಜೆಗೆ ಮುಗಿಯುವ ಪ್ರತಿಭಟನೆಯೂ ಇಂದು ಮುತ್ತಿಗೆಯೇ.

‘ದಿಗ್ಬಂಧನ’ ಹತ್ತಿರವೆನಿಸುತ್ತದೆ. ಆದರೆ ಸಹಸ್ರನಾಮ ಪಾರಾಯಣಕ್ಕೆ ಮುನ್ನ ‘ಭೂರ್ಭುವಸ್ಸುವರೋಮಿತಿ ದಿಗ್ಬಂಧಃ’ ಎಂದು ನ್ಯಾಸ ಮಾಡುವವರು ದಿಕ್ಕುಗಳನ್ನು ಕಟ್ಟುವುದು ಒಳಗಿರುವ ತಮ್ಮ ರಕ್ಷಣೆಗಾಗಿ. ಅದೇ ಪದ ‘ಆರ್ಥಿಕ ದಿಗ್ಬಂಧನ’ದಲ್ಲಿ ಒಳಗಿರುವವರನ್ನು ಸೊರಗಿಸುವ ಅರ್ಥ ಪಡೆದಿದೆ. ಈ ತಿರುವು ಯಾವಾಗ ಆಯಿತೆಂಬುದೂ ನನ್ನ ಪ್ರಶ್ನೆ.

ಇನ್ನೊಂದು ತೊಡಕು ಸಮುದ್ರದ್ದು. ಇಂಗ್ಲೆಂಡಿನ ನೆರವು ಬಾರದಂತೆ ರಿಶೆಲ್ಯೂ ಬಂದರಿನ ಬಾಯಿಗೆ ಸುಮಾರು 1,400 ಮೀಟರ್ ಉದ್ದಕ್ಕೆ, ಕಲ್ಲು ತುಂಬಿದ ಹಳೆಯ ಹಡಗುಗಳನ್ನು ಮುಳುಗಿಸಿ, ಅವುಗಳ ಮೇಲೆ ಕಟ್ಟೆಯನ್ನು ಕಟ್ಟಿಸಿದ. ಉಬ್ಬರವಿಳಿತದ ನೀರು ಹರಿದಾಡಲೆಂದು ನಡುವೆ ಕಿಂಡಿ ಬಿಡಲಾಗಿತ್ತು. ಹಾಗಾಗಿ ‘ಅಣೆಕಟ್ಟು’ ಎನ್ನುವುದು ತಪ್ಪಾಗುತ್ತದೆ, ಏಕೆಂದರೆ ತಡೆಯಬೇಕಾಗಿದ್ದುದು ನೀರನ್ನಲ್ಲ, ಹಡಗುಗಳನ್ನು. ‘ಒಡ್ಡು’ ಎಂದರೂ ಕೆರೆಯ ನೀರೇ ಕಣ್ಣಮುಂದೆ ಬರುತ್ತದೆ. ದಾರಿಹೋಕರನ್ನು ಅಡ್ಡಗಟ್ಟುವುದು ಎಂಬ ಬಳಕೆ ಇರುವುದರಿಂದ ನಾನು ‘ಅಡ್ಡಗಟ್ಟೆ’ಯನ್ನು ಆರಿಸಿಕೊಂಡಿದ್ದೇನೆ, ಮತ್ತು ಅದನ್ನು ಬಿಡಲು ಮನಸ್ಸಿಲ್ಲ.

ಉಳಿದಿರುವುದು ಮೊದಲಿನ ಪ್ರಶ್ನೆಯೇ: ಗೋಡೆಯನ್ನು ಮುಟ್ಟದೆ, ಕಾಳು ಮುಗಿಯುವವರೆಗೂ ಹೊರಗೆ ಬೀಡುಬಿಟ್ಟು ಕಾಯುವ ಈ ಬಗೆಯ ಮುತ್ತಿಗೆಗೆ ಹಳಗನ್ನಡದಲ್ಲಿಯೋ, ಪಾಳೆಯಗಾರರ ಕಾಲದ ಬಖೈರುಗಳೆಂಬ ಚರಿತ್ರೆಯ ಬರಹಗಳಲ್ಲಿಯೋ, ಆಡುಮಾತಿನಲ್ಲಿಯೋ ಪ್ರತ್ಯೇಕ ಪದವನ್ನು ಕಂಡವರು ಪ್ರಯೋಗಸಹಿತ ತಿಳಿಸಬೇಕಾಗಿ ವಿನಂತಿ.